ಹಿತ್ತಲ ಕೋಳಿಯ ಬಾಯಲ್ಲಿ ಕಪ್ಪೆ

ಪ್ರಶ್ನೆ: ಮಲೆನಾಡಿನ ಹಿತ್ತಲಲ್ಲಿ ನಾಟಿಕೋಳಿಗಳನ್ನು ಇಡೀ ದಿನ ಬಿಟ್ಟು ಮೇಯಿಸಬೇಕಾ? ಬರೆದವರು ಮೂಡಿಗೆರೆ ಕಡೆಯ ಒಂದೇ ಮನೆಯ ಇಬ್ಬರು. ಒಬ್ಬರು ಕೋಳಿ ಸಾಕುವ ಅತ್ತಿಗೆ, ಇನ್ನೊಬ್ಬರು ಅವರ ಮೈದುನ.

ಪರ: ಕೋಳಿ ಅಂದಮೇಲೆ ಕೆದಕಲೇಬೇಕು

ಜೂನ್ ತಿಂಗಳ ಒಂದು ಬೆಳಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಆಗಷ್ಟೇ ಹೊಳವಾಗಿತ್ತು. ಗೂಡಿನ ಬಾಗಿಲು ತೆಗೆದೆ. ಕಪ್ಪು ಹೇಂಟೆ ಎಲ್ಲಕ್ಕಿಂತ ಮೊದಲು ಇಳಿದು ಸೀದಾ ಬಾಳೆ ಬುಡಕ್ಕೆ ಓಡಿತು. ಎರಡು ಸಲ ಕೆದಕಿ, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡಿತು. ನೋಡನೋಡುತ್ತಿದ್ದ ಹಾಗೆ ಅದರ ಕೊಕ್ಕಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಕಪ್ಪೆ. ಕಾಲೆರಡೂ ಜೋತು ಬಿದ್ದಿದ್ದವು. ಹೇಂಟೆ ಅಲ್ಲಿ ನಿಲ್ಲಲಿಲ್ಲ, ಓಟ ಕಿತ್ತಿತು. ಹಿಂದೆಯೇ ಉಳಿದ ಎಂಟೂ ಕೋಳಿಗಳು. ಸೌದೆ ಕೊಟ್ಟಿಗೆಯನ್ನು ಎರಡು ಸುತ್ತು ಹಾಕಿ, ಯಾರೂ ಇಲ್ಲದ ಮೂಲೆಗೆ ಹೋಗಿ, ಕಪ್ಪೆಯನ್ನು ನೆಲಕ್ಕೆ ನಾಲ್ಕು ಸಲ ಬಡಿದು, ಕತ್ತು ಮೇಲೆತ್ತಿ ಇಡಿಯಾಗಿ ನುಂಗಿತು. ಹಲ್ಲಿಲ್ಲದ ಪ್ರಾಣಿ ಅಲ್ವಾ? ನಿಂತು ಅಗಿಯುವ ಹಾಗಿಲ್ಲ. ನಿಂತರೆ ಬೇರೆಯವರು ಕಿತ್ತುಕೊಳ್ಳುತ್ತಾರೆ.

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಮೈದುನ ಇದನ್ನೆಲ್ಲ ನೋಡಿದ. ಲೋಟ ಕೆಳಗಿಟ್ಟು, "ಅತ್ತಿಗೆ, ನಿಮ್ಮ ಕೋಳಿ ಕೊಲೆಗಾರ" ಅಂದ. "ಹೇಂಟೆ ಕಣೋ, ಕೊಲೆಗಾತಿ ಅನ್ನು" ಅಂದೆ. ಅವನಿಗೆ ನಗು ಬರಲಿಲ್ಲ. ಅವತ್ತಿಂದ ನಮ್ಮ ಮನೆಯಲ್ಲಿ ಈ ಚರ್ಚೆ ನಡೆಯುತ್ತಲೇ ಇದೆ.

ಕೋಳಿ ಬರೀ ಕಾಳು ತಿನ್ನುವ ಸಾಧು ಅಂತ ಅವನಿಗೆ ಯಾರು ಹೇಳಿದರೋ. ಈ ಮನೆಗೆ ಬಂದು 22 ವರ್ಷವಾಯಿತು. ಅಷ್ಟೂ ವರ್ಷ ಕೋಳಿ ಸಾಕಿದ್ದೇನೆ. ಎರೆಹುಳ, ಮಿಡತೆ, ಹಲ್ಲಿ, ಓತಿಕ್ಯಾತದ ಮರಿ, ಇಲಿಮರಿ, ಬೆರಳು ದಪ್ಪದ ಹಾವಿನ ಮರಿ, ಯಾವುದನ್ನೂ ಬಿಟ್ಟಿದ್ದು ನೋಡಿಲ್ಲ. ಮರಿ ಮಾಡಿದ ಹೇಂಟೆಯನ್ನು ನೋಡಬೇಕು. ಗೆದ್ದಲು ಸಿಕ್ಕರೆ ತಾನು ತಿನ್ನುವುದಿಲ್ಲ. ಕೊಕ್ಕಲ್ಲಿ ಎತ್ತುವುದು, ಕೆಳಗೆ ಹಾಕುವುದು, ಕುರ್ ಕುರ್ ಅಂತ ಮರಿಗಳನ್ನು ಕರೆಯುವುದು. ಹಳ್ಳಿಯಲ್ಲಿ ಮರಿಗಳಿಗೆ ಗೆದ್ದಲು ತಂದು ಹಾಕುವುದು ಸುಮ್ನೆ ಬಂದ ರೂಢಿಯಲ್ಲ. ರೆಕ್ಕೆಪುಕ್ಕ ಬಲಿಯುವ ಕಾಲದಲ್ಲಿ ಬರೀ ನುಚ್ಚು ಹಾಕಿದರೆ ಮರಿ ಏಳುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಅದು ಎಲ್ಲಿಂದಲೋ ಬರಬೇಕಲ್ಲ. ಅಂಗಡಿಯ ಫೀಡ್‌ನಲ್ಲಿ ಸೋಯಾ ಹಿಂಡಿಯಿಂದ ಬರುತ್ತದೆ. ನಮ್ಮಲ್ಲಿ ತರಗೆಲೆ ಅಡಿಯಿಂದ ಬರುತ್ತದೆ. ಹಳದಿ ಗಾಢವಾಗುವುದು ಹುಳದಿಂದ ಅಂತ ಕೆಲವರು ಹೇಳುತ್ತಾರೆ. ಅದು ಸೊಪ್ಪಿನಿಂದ. ಅದಕ್ಕೂ ಹೊರಗೆ ಬಿಡಲೇಬೇಕು.

ಇನ್ನೊಂದು ಮಾತು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಅಂತ ನಾವೆಲ್ಲ ಓದಿದ್ದೇವೆ. ಆದರೆ ಕೋಳಿಯ ಕಾಲಿಗೆ ಹಳದಿ ಬಣ್ಣ ಕೊಡುವ ಗುಣ ಬಂದಿದ್ದು ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದೇ ನಮ್ಮ ಘಟ್ಟದ ಕಾಡುಕೋಳಿ, ಬೆಳಗ್ಗೆ ತೋಟದಂಚಿನಲ್ಲಿ ಕೂಗುವುದು. ಅದು ಏನು ತಿನ್ನುತ್ತದೆ? ಗೆದ್ದಲು, ಬೀಜ, ಹುಳ, ಸಣ್ಣ ಹಲ್ಲಿ. ಅಂದರೆ ನನ್ನ ಹಳದಿ ಕಾಲಿನ ಹೇಂಟೆಗೆ ಒಂದು ಕಡೆಯಿಂದ ಈ ಕಾಡೇ ತವರು. ತವರಲ್ಲಿ ಉಣ್ಣಬೇಡ ಅಂದರೆ ಹೇಗೆ?

ಉಪಯೋಗದ ಮಾತಿಗೆ ಬರೋಣ. ನಮ್ಮ ಅತ್ತೆಯವರಿಗೆ ಸೌದೆ ತೆಗೆಯುವಾಗ ಜರಿ ಕಚ್ಚಿ ಕೈ ಮೊಣಕೈವರೆಗೆ ಊದಿತ್ತು. ಆಗ ಕೊಕ್ಕರೆ ರೋಗ ಬಂದು ಕೋಳಿಯೆಲ್ಲ ಸತ್ತು ಗೂಡು ಖಾಲಿ ಇದ್ದ ವರ್ಷ. ಈಗ ಸೌದೆ ಕೊಟ್ಟಿಗೆಯಲ್ಲಿ ಚೇಳು, ಜರಿ ಕಾಣುವುದೇ ಅಪರೂಪ. ದನ ಮಲಗಿದ್ದಾಗ ಕೋಳಿಗಳು ಅದರ ತೊಡೆ ಸಂದಿಯಿಂದ ಉಣುಗು ಆರಿಸುತ್ತವೆ. ದನ ಕಣ್ಣು ಮುಚ್ಚಿಕೊಂಡು ಮಲಗಿರುತ್ತದೆ, ತಲೆ ಬಾಚಿಸಿಕೊಳ್ಳುವ ಮಗುವಿನ ಹಾಗೆ.

ಬಸವನಹುಳುವಿನ ಕಥೆ ಬೇರೆ. ಆಫ್ರಿಕಾದ ಈ ದೊಡ್ಡ ಹುಳುವನ್ನು 1847ರಲ್ಲಿ ಒಬ್ಬ ಬ್ರಿಟಿಷರವನು ಕೋಲ್ಕತ್ತಕ್ಕೆ ತಂದು ಬಿಟ್ಟನಂತೆ. ಅದು ನಡೆದು ನಡೆದು ಕಾಫಿ ಸೀಮೆಗೂ ಬಂತು. ಪಪಾಯಿ, ಬಾಳೆ, ತರಕಾರಿ ಸಸಿ, ಏನಿದ್ದರೂ ರಾತ್ರಿ ಕಳೆಯುವುದರಲ್ಲಿ ದಂಟು ಮಾತ್ರ. ಮಣ್ಣಲ್ಲಿ ಸಬ್ಬಕ್ಕಿ ಹಾಗಿರುವ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ನೂರಕ್ಕೂ ಜಾಸ್ತಿ. ದೊಡ್ಡ ಹುಳುವನ್ನು ಕೋಳಿ ಮುಟ್ಟುವುದಿಲ್ಲ, ಒಪ್ಪಿದೆ. ಆದರೆ ಮೊಟ್ಟೆಯ ಗೊಂಚಲು ಕೆದಕಿ ಹೊರಗೆ ಬಂತೋ, ಒಂದೂ ಉಳಿಯುವುದಿಲ್ಲ. ಇದಕ್ಕೆ ಬದಲಿ ಏನು? ಮೆಟಾಲ್ಡಿಹೈಡ್ ಅನ್ನುವ, ಬಸವನಹುಳು ಕೊಲ್ಲುವ ವಿಷದ ಮಾತ್ರೆ. ಅದನ್ನು ನಾಯಿ ತಿಂದರೆ ನಾಯಿಯೂ ಉಳಿಯುವುದಿಲ್ಲ. ಪಕ್ಕದ ತೋಟದಲ್ಲಿ ಹಾಗೆ ಒಂದು ಒಳ್ಳೆಯ ನಾಯಿ ಹೋಯಿತು.

ಒಂದು ದಿನ ಮಾತ್ರ ನನಗೂ ಬೇಜಾರಾಗಿದೆ. ತುಳಸಿಕಟ್ಟೆ ಬಳಿ ಒಂದು ಹಾವುರಾಣಿ ವರ್ಷಗಟ್ಟಲೆ ಇತ್ತು. ಬಿಸಿಲಿಗೆ ಕಂಚಿನ ಹಾಗೆ ಹೊಳೆಯುತ್ತಿತ್ತು. ಅದರ ಬಾಲ ತುಂಡಾಗಿ ಅಂಗಳದಲ್ಲಿ ಹೊರಳಾಡುತ್ತಿದ್ದದ್ದನ್ನು ನೋಡಿದೆ. ಹಾವುರಾಣಿ ಆಮೇಲೆ ಕಾಣಲಿಲ್ಲ. ಅದಕ್ಕಾಗಿ ಒಂಬತ್ತು ಕೋಳಿಗಳನ್ನು ಪಂಜರದಲ್ಲಿ ಕೂಡಿಹಾಕಲಾ? ಫಾರಂ ಪಂಜರದಲ್ಲಿ ಮೊಟ್ಟೆಕೋಳಿಗೆ ಒಂದು ಎ4 ಹಾಳೆಯಷ್ಟೂ ಜಾಗ ಸಿಗುವುದಿಲ್ಲ. ಕೆದಕಲು ಮಣ್ಣಿಲ್ಲದೆ ಅವು ಒಂದರ ಪುಕ್ಕ ಒಂದು ಕೀಳುತ್ತವೆ. ಆ ಮೊಟ್ಟೆಯನ್ನು ತಂದು ಆಮ್ಲೆಟ್ ಮಾಡಿಕೊಳ್ಳುವಾಗ ಅಯ್ಯೋ ಅನ್ನದವರು ಹಿತ್ತಲ ಕಪ್ಪೆಗೆ ಅಯ್ಯೋ ಅನ್ನುತ್ತಾರೆ. ಮೈದುನನೂ ಅಷ್ಟೇ. ಭಾನುವಾರ ಕಡುಬಿನ ಜೊತೆ ಸಾರು ಎರಡನೇ ಸಲ ಬಡಿಸಿಕೊಳ್ಳುವಾಗ ಆ ಕೋಳಿ ಏನು ತಿಂದು ಬೆಳೆದದ್ದು ಅಂತ ಕೇಳುವುದಿಲ್ಲ.

ವಿರೋಧ: ಬೇಟೆಗಾರನಿಗೆ ಸಂಜೆ ಜೋಳ

ಸಾರು ಎರಡು ಸಲ ಬಡಿಸಿಕೊಂಡಿದ್ದು ನಿಜ. ಅತ್ತಿಗೆ ಅದನ್ನು ಬರೆದೇ ಬರೆಯುತ್ತಾರೆ ಅಂತ ಗೊತ್ತಿತ್ತು.

ನನ್ನ ಜಗಳ ಕೋಳಿಯ ಜೊತೆ ಅಲ್ಲ. ಅವತ್ತು ಕೊಲೆಗಾರ ಅಂದದ್ದು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಕೋಳಿಯ ಗುಣ ಕೋಳಿಗೆ. ನನ್ನ ಜಗಳ ಲೆಕ್ಕದ ಜೊತೆ.

ಅತ್ತಿಗೆಯವರು ಕಾಡುಕೋಳಿಯ ಮಾತು ಎತ್ತಿದ್ದಾರೆ. ಅದನ್ನೇ ಹಿಡಿದುಕೊಳ್ಳೋಣ. ಕಾಡುಕೋಳಿ ಇವತ್ತು ಇಲ್ಲಿ ಕೆದಕಿದರೆ ನಾಳೆ ಇನ್ನೆಲ್ಲೋ. ಒಂದು ಜಾಗದಲ್ಲಿ ಹುಳ ಕಡಿಮೆಯಾದರೆ ಮುಂದೆ ಹೋಗುತ್ತದೆ, ಇಲ್ಲ ಉಪವಾಸ ಬೀಳುತ್ತದೆ. ಗಿಡುಗ, ಮುಂಗುಸಿ, ಕಾಡುಬೆಕ್ಕು ಅದರ ಸಂಖ್ಯೆಯನ್ನೂ ಹಿಡಿತದಲ್ಲಿ ಇಡುತ್ತವೆ. ನಮ್ಮ ಹಿತ್ತಲು ಹತ್ತು ಗುಂಟೆ. ಅದರಲ್ಲಿ ಒಂಬತ್ತು ಕೋಳಿ, ವರ್ಷದ 365 ದಿನವೂ. ಕಪ್ಪೆ ಖಾಲಿಯಾದರೆ ಅವಕ್ಕೇನೂ ತೊಂದರೆ ಇಲ್ಲ. ಸಂಜೆ ಬಂದರೆ ಅತ್ತಿಗೆ ಜೋಳ ಹಾಕುತ್ತಾರೆ. ರಾತ್ರಿ ಗೂಡಿನ ಬಾಗಿಲು ಹಾಕುತ್ತಾರೆ. ಮುಂಗುಸಿ ಬಂದರೆ ನಾಯಿ ಬಿಡುತ್ತಾರೆ. ಕಾಡಿನ ಬೇಟೆಗಾರನಿಗೆ ಬೇಟೆ ಮುಗಿದರೆ ಹೊಟ್ಟೆಗಿಲ್ಲ. ನಮ್ಮ ಬೇಟೆಗಾರನಿಗೆ ಪಿಂಚಣಿ ಇದೆ. ಹಾಗಾಗಿ ಕೊನೆಯ ಕಪ್ಪೆ ಸಿಗುವವರೆಗೂ ಅದು ಕೆದಕುತ್ತಲೇ ಇರಬಹುದು. ಇದನ್ನು ತವರಿನ ಊಟ ಅನ್ನುವುದು ಹೇಗೆ?

ಹೋದ ವರ್ಷದಿಂದ ನನಗೆ ಮನೆಯಿಂದಲೇ ಕೆಲಸ. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಟಾರ್ಚು ಹಿಡಿದು ಹಿತ್ತಲಲ್ಲೂ ಬೇಲಿಯಾಚೆ ತೋಟದಲ್ಲೂ ತಿರುಗಿದೆ. ಸಂಶೋಧನೆ ಗಿಂಶೋಧನೆ ಏನಲ್ಲ. ಬೇಲಿಯಾಚೆ ಕಾಫಿ ಗಿಡಗಳ ಸಾಲಿನಲ್ಲಿ ಟಿಕ್ ಟಿಕ್ ಅಂತ ಹತ್ತಾರು ಪೊದೆಗಪ್ಪೆಗಳು ಕೂಗುತ್ತಿದ್ದವು. ಒಂದು ಎಲೆ ಮೇಲೆ ಕೂತಿದ್ದನ್ನು ಹತ್ತಿರದಿಂದ ನೋಡಿದೆ. ನನ್ನ ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಕೂಗುವಾಗ ಗಂಟಲ ಚೀಲ ಮೈಯಷ್ಟೇ ಉಬ್ಬುತ್ತದೆ, ಬೆಳಕಿಗೆ ಗಾಜಿನ ಗೋಲಿಯಂತೆ ಕಾಣುತ್ತದೆ. ಬೇಲಿಯ ಈಚೆ, ನಮ್ಮ ಕಡೆ, ಸಿಕ್ಕಿದ್ದು ಮೈಯೆಲ್ಲ ಗಂಟುಗಂಟಾದ ನೆಲಗಪ್ಪೆಗಳು ಮಾತ್ರ. ಅವುಗಳ ಚರ್ಮದಲ್ಲಿ ವಿಷದ ರಸ ಇದೆ. ಕೋಳಿ ಒಮ್ಮೆ ಕುಕ್ಕಿದರೆ ಎರಡನೇ ಸಲ ಹೋಗುವುದಿಲ್ಲ. ತಿನ್ನಲಾಗದ್ದು ಉಳಿದಿದೆ, ತಿನ್ನಬಹುದಾದದ್ದು ಹೋಗಿದೆ.

ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಕಾಲವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು, ನೇರ ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಕೆರೆ ಬೇಡ, ಹೊಂಡ ಬೇಡ, ತೇವವಾದ ಎಲೆ ಸಾಕು. ಅದಕ್ಕೇ ಅವು ನಮ್ಮ ತೋಟದಲ್ಲಿ ಬದುಕಿವೆ. ಆದರೆ ಆ ತೇವದ ತರಗೆಲೆ ಹಾಸನ್ನೇ ಕೋಳಿ ದಿನಕ್ಕೆ ಹತ್ತು ಸಲ ಮಗುಚಿ ಹಾಕುತ್ತದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಒಂದು ಹೊಸ ಕಪ್ಪೆಯನ್ನು ವಿವರಿಸಿ ಅದಕ್ಕೆ ಕೊಟ್ಟಿಗೆಹಾರದ ಹೆಸರಿಟ್ಟರು. ಕೊಟ್ಟಿಗೆಹಾರ ಅಂದರೆ ನಾವು ಮಂಗಳೂರಿಗೆ ಹೋಗುವಾಗ ಘಟ್ಟ ಇಳಿಯುವ ಮುಂಚೆ ನೀರುದೋಸೆ ತಿನ್ನುವ ಜಾಗ! ಹಿಂಗಾಲು ಚಾಚಿ ಬೀಸುವ ಕುಣಿಯುವ ಕಪ್ಪೆ ಅದು. ಹಳ್ಳದ ಬಂಡೆ ಮೇಲೆ ಇರುತ್ತದೆ, ಹಿತ್ತಲ ಕೋಳಿಗೆ ಸಿಗುವುದಿಲ್ಲ, ಆ ತಕರಾರು ನಾನು ಎತ್ತುವುದಿಲ್ಲ. ಆದರೆ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ಇದೇ ರಾವ್ ಅವರ ಹೆಸರಿದೆ, ರಾವೋರ್ಕೆಸ್ಟಿಸ್ ಅಂತ. ಅದರಲ್ಲಿ ಎಷ್ಟೋ ಜಾತಿಗಳು ಪಶ್ಚಿಮಘಟ್ಟ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. ಕೋಳಿ ಎಲ್ಲಿಲ್ಲ ಹೇಳಿ?

ಕಪ್ಪೆ ಕಡಿಮೆಯಾದರೆ ಏನಾಗುತ್ತದೆ ಅಂತ ದೇಶಕ್ಕೇ ಒಮ್ಮೆ ಭಯವಾಗಿತ್ತು. ಗದ್ದೆಯ ದೊಡ್ಡ ಕಪ್ಪೆಗಳ ಕಾಲು ಕತ್ತರಿಸಿ ಹೊರದೇಶಕ್ಕೆ ಕಳಿಸುತ್ತಿದ್ದ ಕಾಲ ಅದು. 1987ರಲ್ಲಿ ಸರ್ಕಾರ ಆ ರಫ್ತನ್ನೇ ನಿಲ್ಲಿಸಿತು. ಗದ್ದೆಯಲ್ಲಿ ಕೀಟ ತಿನ್ನುವವರು ಯಾರು ಅನ್ನುವುದೂ ಆಗ ಎದ್ದ ಪ್ರಶ್ನೆ.

ಈಗ ಉಪಯೋಗದ ಪಟ್ಟಿ. ಜರಿ, ಚೇಳು: ಒಪ್ಪಿದೆ, ವಾದವೇ ಇಲ್ಲ. ಬಸವನಹುಳು ಓಡಾಡುವುದು ರಾತ್ರಿ. ಆಗ ಕೋಳಿ ಗೂಡಿನಲ್ಲಿ ನಿದ್ದೆ ಮಾಡುತ್ತಿರುತ್ತದೆ. ಮೊಟ್ಟೆ ಸಿಕ್ಕರೆ ತಿನ್ನುತ್ತದೆ, ಸಿಗದಿದ್ದದ್ದು ಜಾಸ್ತಿ. ಕಳೆದ ಮಳೆಗಾಲ ನಾನೂ ಆಳು ಹುಡುಗನೂ ಒದ್ದೆ ಗೋಣಿಚೀಲದ ಅಡಿ ಪಪಾಯಿ ದಂಟು ಇಟ್ಟು, ಬೆಳಗ್ಗೆ ಬಕೆಟ್ಟುಗಟ್ಟಲೆ ಹುಳು ಆರಿಸಿ ಉಪ್ಪುನೀರಿಗೆ ಹಾಕಿದೆವು. ಮಾತ್ರೆ ಬೇಕಾಗಲಿಲ್ಲ. ಬೇಲಿಯ ಮೇಲೆ ಕೂರುವ ಕೆಂಬೂತವೂ ಬಸವನಹುಳು ತಿನ್ನುತ್ತದೆ. ಅದಕ್ಕೆ ನಾವು ಜೋಳ ಹಾಕಬೇಕಾಗಿಲ್ಲ.

ಉಣುಗಿನ ವಿಷಯದಲ್ಲಿ ಅತ್ತಿಗೆ ದನದ ಮೈ ಅಂತಷ್ಟೇ ಬರೆದಿದ್ದಾರೆ, ಅದು ಸರಿ. ಊರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಕೋಳಿ ಬಿಟ್ಟರೆ ಮಂಗನ ಕಾಯಿಲೆ ಬರುವುದಿಲ್ಲ ಅನ್ನುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಅದನ್ನು ಮನುಷ್ಯರಿಗೆ ಹೆಚ್ಚಾಗಿ ಹಚ್ಚುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗು, ಕಾಡಿನ ನೆಲದಲ್ಲಿ ಇರುವುದು. ಅಲ್ಲಿಗೆ ನಮ್ಮ ಕಪ್ಪು ಹೇಂಟೆ ಹೋಗುವುದಿಲ್ಲ.

ಕೋಳಿಗೂ ಇದರಿಂದ ಪೂರ್ತಿ ಲಾಭ ಅಂತೇನಿಲ್ಲ. ಎರೆಹುಳ, ಬಸವನಹುಳು ತಿಂದ ಮರಿಗಳಿಗೆ ಶ್ವಾಸನಾಳದಲ್ಲಿ ಕೆಂಪು ದಾರದಂಥ ಜಂತು ಸೇರಬಹುದು. ಮರಿ ಕತ್ತು ಚಾಚಿ, ಬಾಯಿ ತೆರೆದು, ಆಕಳಿಸಿದ ಹಾಗೆ ಉಸಿರೆಳೆಯುತ್ತದೆ. ಈ ಮೇ ತಿಂಗಳು ನಾಲ್ಕು ಮರಿ ಹಾಗೇ ಬಾಯಿ ಬಿಟ್ಟು ಸತ್ತವು. ಜಂತುವೇ ಅಂತ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಂಡಿಲ್ಲ. ಇನ್ನು ಕಾಫಿ. ಅದರ ಉಣ್ಣುವ ಬೇರುಗಳು ನೆಲದ ಮೇಲ್ಪದರದಲ್ಲೇ ಇರುತ್ತವೆ. ಗೂಡಿನ ಹತ್ತಿರದ ಐದಾರು ಗಿಡಗಳ ಬುಡ ನೋಡಿ, ಬೇರು ಬಿಸಿಲು ಕಾಯಿಸಿಕೊಳ್ಳುತ್ತಿವೆ.

ಪಂಜರದಲ್ಲಿ ಕೂಡಿಹಾಕಿ ಅಂತ ನಾನು ಯಾವತ್ತೂ ಹೇಳಿಲ್ಲ. ಎ4 ಹಾಳೆಯ ಮಾತು ಅತ್ತಿಗೆಯದು. ನಾನು ಕೇಳಿದ್ದು ಇಷ್ಟೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಪ್ಪೆಗಳು ಕೂಗಿ ಮೊಟ್ಟೆಯಿಡುವ ಕಾಲದಲ್ಲಿ, ಕೋಳಿಗಳನ್ನು ದನದ ಕೊಟ್ಟಿಗೆ ಮತ್ತು ಗೊಬ್ಬರಗುಂಡಿಯ ಕಡೆ ಬಲೆ ಕಟ್ಟಿ ಬಿಡೋಣ. ಗೊಬ್ಬರದಲ್ಲಿ ತೆಂಗಿನ ಸುಳಿ ಕೊರೆಯುವ ದುಂಬಿಯ ದಪ್ಪ ಬಿಳಿ ಮರಿಹುಳುಗಳು ಬೇಕಾದಷ್ಟಿವೆ. ಅವನ್ನು ಎಷ್ಟು ತಿಂದರೂ ನನ್ನ ಅಡ್ಡಿ ಇಲ್ಲ. ಸೌದೆ ಕೊಟ್ಟಿಗೆಯೂ ಆ ಕಡೆಯೇ, ಜರಿಯ ಕೆಲಸವೂ ನಡೆಯುತ್ತದೆ. ಬಾಳೆ ಬುಡದಿಂದ ಬೇಲಿಯವರೆಗಿನ ಮೂರು ಗುಂಟೆ ಮಾತ್ರ ಕಪ್ಪೆಗಳಿಗೆ.

ಹೋದ ವಾರ ನಾನೇ ಬಲೆ ತಂದು ಕಟ್ಟಿದೆ, ಎದೆಮಟ್ಟಕ್ಕೆ. ಅತ್ತಿಗೆ ಅಡ್ಡ ಬರಲಿಲ್ಲ, ಕಂಬ ಹಿಡಿದುಕೊಂಡರು ಕೂಡ. ಮೂರನೇ ದಿನ ಬೆಳಗ್ಗೆ ಕಪ್ಪು ಹೇಂಟೆ ಗೂಡಿನ ಮಾಡಿಗೆ ಹಾರಿ, ಅಲ್ಲಿಂದ ಬಲೆ ದಾಟಿ ಬಾಳೆ ಬುಡಕ್ಕೆ ಇಳಿಯಿತು. ಒಂದು ಕಡೆಯ ರೆಕ್ಕೆಗರಿ ಕತ್ತರಿಸೋಣ, ನೋವಾಗುವುದಿಲ್ಲ ಅಂದೆ. ಅತ್ತಿಗೆ ಇನ್ನೂ ಏನೂ ಹೇಳಿಲ್ಲ. ಕತ್ತರಿಯೂ ಅದರ ಜಾಗದಲ್ಲಿ ಸಿಗುತ್ತಿಲ್ಲ.