ಅಲರ್ಟ್ ಜಿಲ್ಲೆಗೆ, ನಿಮ್ಮ ಅಂಗಳಕ್ಕಲ್ಲ

"ಆರೆಂಜ್ ಅಲರ್ಟ್ ಕೊಟ್ಟ ದಿನ ನಮ್ಮೂರಲ್ಲಿ ಬಿಸಿಲು, ಇನ್ನು ಹವಾಮಾನ ಮುನ್ಸೂಚನೆ ನಂಬಬೇಡಿ" ಅಂತ ಬರೆದಿದ್ದೀರಲ್ಲ, ಇದನ್ನು ನಾನು ಒಪ್ಪುವುದಿಲ್ಲ ಸರ್. ಆ ಅಲರ್ಟ್ ಇಡೀ ಜಿಲ್ಲೆಗೆ ಕೊಟ್ಟಿದ್ದು. ನಮ್ಮ ಉತ್ತರ ಕನ್ನಡವನ್ನೇ ನೋಡಿ, ಭಟ್ಕಳ, ಹೊನ್ನಾವರದ ಕಡೆ ಮಳೆ ಹೊಡೆಯುತ್ತಿರುವಾಗ ಘಟ್ಟದ ಮೇಲೆ ಮುಂಡಗೋಡದಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಎರಡೂ ಒಂದೇ ಜಿಲ್ಲೆ ಅಲ್ವಾ? ಆರೆಂಜ್ ಅಂದರೆ ಸಿದ್ಧರಾಗಿರಿ ಅಂತ, ನಿಮ್ಮ ಮನೆ ಮೇಲೆ ಸುರಿದೇ ಸುರಿಯುತ್ತದೆ ಅಂತಲ್ಲ.

ನಾವು ಶಿರಸಿ ಕಡೆಯವರು. ಒಂದು ವರ್ಷ ನವೆಂಬರಿನಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿದ್ದೆವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಮೂರು ದಿನ ಮೋಡ, ಮಳೆ ಅಂತ ಮೊದಲೇ ಹೇಳಿದ್ದರು. ಆಕಾಶ ಚೊಕ್ಕ ಇದೆ, ಏನೂ ಆಗಲ್ಲ ಅಂತ ಸುಮ್ನೆ ಬಿಟ್ಟೆವು. ರಾತ್ರಿ ಹನಿ ಶುರುವಾಗಿ, ಎದ್ದು ತಾಡಪತ್ರಿ ಹೊದೆಸುವಷ್ಟರಲ್ಲಿ ಅರ್ಧ ತೋಯ್ದಿತ್ತು, ಆಮೇಲೆ ಬಿಸಿಲೇ ಕಾಣದೆ ಬೂಸ್ಟು ಹಿಡಿಯಿತು, ರೇಟೂ ಬಿತ್ತು. ಅವತ್ತು ನಂಬಿದ್ದರೆ ಅಟ್ಟಕ್ಕಾದರೂ ಏರಿಸುತ್ತಿದ್ದೆವು.

ಜಿಲ್ಲೆಗೊಂದು ಬಣ್ಣ ಸಾಲದು ಅನ್ನಿ, ನಾನೂ ಒಪ್ಪುತ್ತೇನೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ಈ ಬಣ್ಣದ ಅಲರ್ಟೂ ಅಷ್ಟು ಹತ್ತಿರಕ್ಕೆ ಬರಲಿ ಅಂತ ಕೇಳೋಣ. ಆದರೆ ನಂಬಲೇಬೇಡಿ ಅಂದರೆ ಹೇಗೆ? ನಾಳೆ ಬೆಳಿಗ್ಗೆ ದೋಣಿ ಇಳಿಸುವ ಮೀನುಗಾರರೂ ನಿಮ್ಮ ಈ ಮಾತನ್ನು ಓದುತ್ತಾರೆ.