ಮಾತಾಡುವ ಲ್ಯಾಪ್‌ಟಾಪು: ಅಣ್ಣ ಪರ, ತಂಗಿ ವಿರೋಧ

ನಾಲ್ಕೈದು ವರ್ಷದ ಮಗುವಿಗೆ ಬ್ಯಾಟರಿಯ ಕಲಿಕೆ ಆಟಿಕೆ ಕೊಡಿಸಬೇಕೆ? ವಿಜಯಪುರದ ಒಂದೇ ಮನೆಯ ಇಬ್ಬರು ಬರೆದದ್ದು. ಅಣ್ಣನದು ರೇಡಿಯೊ-ಟಿವಿ ರಿಪೇರಿ ಅಂಗಡಿ, ತಂಗಿ ಕನ್ನಡ ಶಾಲೆಯ ಶಿಕ್ಷಕಿ.

ಪರ: ಕೊಡಿಸಿದವನ ಮಾತು

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ತಂಗಿಯ ಮಗಳಿಗೆ 450 ರೂಪಾಯಿ ಕೊಟ್ಟು ಒಂದು ಆಟಿಕೆ ಲ್ಯಾಪ್‌ಟಾಪ್ ಕೊಡಿಸಿದೆ. ನೇರಳೆ ಬಣ್ಣದ್ದು. ಮುಚ್ಚಳ ತೆರೆದರೆ ಅಂಗೈಯಗಲದ ಪರದೆ, ಕೆಳಗೆ ಇಂಗ್ಲಿಷ್ ಅಕ್ಷರದ ಗುಂಡಿಗಳು. ಒತ್ತಿದರೆ ಮಾತಾಡುತ್ತದೆ. ಜೊತೆಗೊಂದು ಪುಟ್ಟ ಆಟಿಕೆ ಫೋನು ಪುಕ್ಕಟೆ. ಮನೆಗೆ ತಂದ ಕೂಡಲೇ ತಂಗಿ, "ಯಣ್ಣಾ, ಇದನ್ಯಾಕ ತರಾಕ ಹೋದಿ?" ಅಂದಳು. ಅಲ್ಲಿಂದ ಶುರುವಾದ ಜಗಳ ಇದು.

ಇದು ಬಾರದಿದ್ದರೆ ಹುಡುಗಿ ಓಣಿಯಲ್ಲಿ ಆಡುತ್ತಿದ್ದಳೆ? ಇಲ್ಲ, ಅವರಪ್ಪನ ಮೊಬೈಲು ಹಿಡಿದು ಕೂತಿರುತ್ತಿದ್ದಳು. ಈ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇಲ್ಲ, ಜಾಹೀರಾತಿಲ್ಲ, ಒಂದು ವಿಡಿಯೊದ ಬೆನ್ನಿಗೆ ಇನ್ನೊಂದು ತಾನಾಗಿ ಬರೋದಿಲ್ಲ. ಇಪ್ಪತ್ತು ನಿಮಿಷಕ್ಕೆ ಬೇಸರ ಬರುತ್ತದೆ, ಎದ್ದು ಹೋಗುತ್ತಾಳೆ. ಬೇಸರ ತರಿಸುವ ಯಂತ್ರವೇ ಮಕ್ಕಳಿಗೆ ಒಳ್ಳೆಯ ಯಂತ್ರ ಅಂತ ನನ್ನ ಲೆಕ್ಕ.

ಆದರೆ ನನಗೆ ಅದಕ್ಕಿಂತ ಮುಖ್ಯ ಒಳಗಿನ ಕಥೆ. ಮರುದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಎದುರೇ ಕೂರಿಸಿ ಬಿಚ್ಚಿದೆ. ಆರು ಸ್ಕ್ರೂ. ಮೂರು ಪೆನ್ಸಿಲ್ ಸೆಲ್ಲು ಸೇರಿ 4.5 ವೋಲ್ಟು, ಶಾಕಿನ ಭಯವಿಲ್ಲ. ಒಳಗೊಂದು ಹಸಿರು ಬೋರ್ಡು, ಅದರ ಮೇಲೆ ಹುಣಸೆ ಬೀಜದಷ್ಟು ಕರಿ ಅಂಟಿನ ಉಂಡೆ. ಚಿಪ್ಪು ಇರುವುದು ಅದರ ಅಡಿಗೆ. ಗುಂಡಿಗಳೆಲ್ಲ ಒಂದೇ ರಬ್ಬರ್ ಹಾಳೆ, ಒಂದೊಂದರ ತಳಕ್ಕೂ ಕಾರ್ಬನ್ನಿನ ಕರಿ ಚುಕ್ಕಿ. ಒತ್ತಿದಾಗ ಆ ಚುಕ್ಕಿ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುತ್ತದೆ, ಅಷ್ಟೇ. ರಬ್ಬರ್ ಹಾಳೆ ಎತ್ತಿಟ್ಟು ಪೆನ್ಸಿಲಿನ ಮೊನೆಯನ್ನು ಗೆರೆಗಳ ಮೇಲೆ ಅಡ್ಡ ಇಟ್ಟೆ. 'ಬಿ' ಅಂತ ಕೂಗಿತು. ಹುಡುಗಿ ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದಳು. ಆಮೇಲೆ ಒಂದು ತಾಸು ಆ ಪೆನ್ಸಿಲು ನನ್ನ ಕೈಗೆ ವಾಪಸ್ ಬರಲಿಲ್ಲ.

1978ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 'ಸ್ಪೀಕ್ ಅಂಡ್ ಸ್ಪೆಲ್' ಎಂಬ, ಮಾತಾಡಿ ಸ್ಪೆಲಿಂಗ್ ಕಲಿಸುವ ಆಟಿಕೆ ತಂದಾಗ ದೊಡ್ಡವರಿಗೂ ಇದೇ ಬೆರಗು. ಅದರೊಳಗೆ ಟೇಪಿಲ್ಲ, ತಿರುಗುವ ತಟ್ಟೆಯಿಲ್ಲ. ಮನುಷ್ಯರ ದನಿಯನ್ನು ಅಂಕಿಗಳಾಗಿ ಕುಗ್ಗಿಸಿಟ್ಟಿದ್ದರು, ಗಂಟಲು-ಬಾಯಿ ಮಾಡುವ ಕೆಲಸವನ್ನು ಒಂದು ಚಿಪ್ಪು ಲೆಕ್ಕ ಹಾಕಿ ಮಾಡುತ್ತಿತ್ತು. ಅದಕ್ಕೂ ಹಿಂದೆ, 1967ರಲ್ಲಿ, ಗಣಿತಜ್ಞ ಸೆಮೋರ್ ಪೇಪರ್ಟ್ ಮತ್ತು ಜೊತೆಗಾರರು ಮಕ್ಕಳಿಗೆಂದೇ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಅಂದರೆ ಪರದೆಯ ಆಮೆಯೊಂದು ಗೆರೆ ಎಳೆಯುವುದು ಆ ಭಾಷೆಯ ಆಟವೇ. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ, ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ 'ಕ್ಲಾಸ್' ಎಂಬ ಸರ್ಕಾರಿ ಯೋಜನೆಯಲ್ಲಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು. ಅದರ ಮಾಡೆಲ್ ಬಿಯ ಮೆಮೊರಿ 32 ಕೆಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಸದು. ಸಣ್ಣ ಯಂತ್ರವಾದರೆ ಪೂರ್ತಿ ತಲೆಯಲ್ಲಿ ಇಟ್ಟುಕೊಳ್ಳಬಹುದು. ಮೊಬೈಲನ್ನು ಹಾಗೆ ಇಟ್ಟುಕೊಳ್ಳೋದು ನನ್ನಿಂದಲೂ ಆಗೋದಿಲ್ಲ, ರಿಪೇರಿ ಮಾತ್ರ ಮಾಡುತ್ತೇನೆ.

ವಿರೋಧ: ಕಲಿಸುವವಳ ಮಾತು

ಅಣ್ಣನ ಪೆನ್ಸಿಲ್ ಕಥೆ ನಿಜ, ಚಂದವೂ ಹೌದು. ಆದರೆ ಆ ಒಂದು ತಾಸು ಕಲಿಸಿದವನು ಅಣ್ಣ, ಲ್ಯಾಪ್‌ಟಾಪ್ ಅಲ್ಲ. ರಿಪೇರಿ ಅಂಗಡಿಯ ಸೋದರಮಾವ ಎಷ್ಟು ಮಕ್ಕಳಿಗಿರುತ್ತಾನೆ? ಉಳಿದ ಮಕ್ಕಳು ಡಬ್ಬಿಯ ಮುಂದೆ ಒಬ್ಬರೇ ಕೂರುತ್ತಾರೆ. ಮೊಬೈಲಿಗಿಂತ ಮೇಲು ಅನ್ನುವುದಂತೂ ಸಿಗರೇಟಿಗಿಂತ ಬೀಡಿ ಮೇಲು ಅಂದಹಾಗೆ.

ಅಂಗಡಿಯಿಂದ ಬಂದ ದಿನ ಸಂಜೆ ಮಗಳ ಪಕ್ಕ ಕೂತು ನೋಡಿದೆ. ಯಂತ್ರ ಇಂಗ್ಲಿಷಿನಲ್ಲಿ ಏನೋ ಕೇಳಿತು, ಬಾತುಕೋಳಿಯ ಅಕ್ಷರ ಯಾವುದು ಅಂತ ಇರಬೇಕು. ಮಗಳು ಮೇಲಿನ ಸಾಲಿನ ಎಡತುದಿಯಿಂದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಳು. ತಪ್ಪಾದಾಗಲೆಲ್ಲ ಕುಂಯ್ ಅಂದಿತು. ಕೊನೆಗೊಮ್ಮೆ ಚಪ್ಪಾಳೆ ಬಂತು, ನಕ್ಕಳು. "ಯಾವ ಅಕ್ಷರವ್ವಾ ಅದು?" ಅಂದೆ. "ಚಪ್ಪಾಳಿ ಗುಂಡಿ" ಅಂದಳು.

ಡಬ್ಬಿಯ ಮೇಲೆ ದೊಡ್ಡದಾಗಿ ಕಲಿಕೆ ಕಂಪ್ಯೂಟರ್ ಅಂತಿದೆ. ಒಳಗಿರುವುದು 26 ಅಕ್ಷರ. ಕನ್ನಡದ 49 ಅಕ್ಷರ ಅಚ್ಚು ಹಾಕಿದರೂ ನನ್ನ ತಕರಾರು ಮುಗಿಯುವುದಿಲ್ಲ. ಕ-ಕಾರಕ್ಕೆ ಕೊಂಬು ಹಚ್ಚಿದರೆ ಕು, ಕೊಂಬಿನಿಳಿ ಹಚ್ಚಿದರೆ ಕೂ, ಕೆಳಗೆ ಒತ್ತು ಬಂದರೆ ಇನ್ನೊಂದು. ಒಂದು ಗುಂಡಿಗೆ ಒಂದು ದನಿ ಎನ್ನುವ ಯಂತ್ರಕ್ಕೆ ಕಾಗುಣಿತ ಹೇಗೆ ದಕ್ಕೀತು? ನನ್ನ ಒಂದನೆಯ ತರಗತಿಗೆ ಬರುವ ಮಕ್ಕಳ ಮನೆಮಾತು ಕೆಲವರದು ಕನ್ನಡ, ಕೆಲವರದು ಉರ್ದು, ಮರಾಠಿ, ಲಂಬಾಣಿ. ಹಾಳಿ ಎನ್ನಬೇಕಾದಲ್ಲಿ ಹಾಲಿ ಎನ್ನುವ ಮಗುವಿನ ಎದುರು ಕೂತು, "ನಾಲಿಗಿ ಮಡಚು, ಮ್ಯಾಲ ಹಚ್ಚು" ಅಂತ ನನ್ನ ಬಾಯಿ ತೆರೆದು ತೋರಿಸುತ್ತೇನೆ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಳ ಬರುತ್ತದೆ. ಮಗುವಿನ ನಾಲಿಗೆ ಎಲ್ಲಿದೆ ಎಂದು ಈ ಡಬ್ಬಿ ಬಗ್ಗಿ ನೋಡುವುದಿಲ್ಲವಲ್ಲ.

ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 10ರಿಂದ 16 ತಿಂಗಳ ಕೂಸುಗಳನ್ನೂ ಅವರ ತಾಯಿ-ತಂದೆಯರನ್ನೂ ಮನೆಯಲ್ಲಿ ಆಡಲು ಬಿಟ್ಟು ದನಿ ದಾಖಲಿಸಿದರು. ಇದ್ದದ್ದು 26 ಜೋಡಿ ಮಾತ್ರ, ಕೂಸುಗಳೂ ನನ್ನ ಮಗಳಿಗಿಂತ ತೀರ ಚಿಕ್ಕವು. ಆದರೂ ಕಂಡದ್ದು ನಮ್ಮ ಮನೆಯಲ್ಲಿ ಕಂಡದ್ದೇ: ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡವರ ಮಾತು ಕಡಿಮೆ, ಕೂಸಿನ ದನಿಯೂ ಕಡಿಮೆ. ಮಾತು ಹೆಚ್ಚಾಗಿದ್ದು ಪುಸ್ತಕ ಹಿಡಿದಾಗ. ಆಟಿಕೆ ಮಾತಾಡತೊಡಗಿದರೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ನಾನೂ ಆ ಸಂಜೆ ಮಗಳಿಗೆ ಗುಂಡಿ ಒತ್ತಲು ಬಿಟ್ಟು ರೊಟ್ಟಿ ಬಡಿಯಲು ಎದ್ದು ಹೋದವಳೇ.

ಇನ್ನು ಅಣ್ಣ ಬರೆಯದೆ ಬಿಟ್ಟ ಒಂದು ಸಂಗತಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಈ ಡಬ್ಬಿಯನ್ನು ತಿರುವಿ ತಿರುವಿ ನೋಡಿದೆ, ಎಲ್ಲೂ ಇಲ್ಲ. ಪುಕ್ಕಟೆ ಬಂದ ಫೋನಿನೊಳಗೆ ಇರುವುದು ವಾಚಿನ ಸೆಲ್ಲು. ಅಂಥದ್ದನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೆ ಒಳಗೆಲ್ಲ ಸುಟ್ಟು ಗಾಯವಾಗಬಹುದು. ಆ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರುವುದು ಅದಕ್ಕೇ. ನಮ್ಮ ಫೋನಿನ ಸ್ಕ್ರೂ ಮಾತ್ರ ಅಂದು ಬಿಚ್ಚಿದ್ದು, ಇನ್ನೂ ಅಣ್ಣನ ಅಂಗಡಿಯ ಮೇಜಿನ ಮೇಲೆಯೇ ಇದೆ. ನಾನು ಸೆಲ್ಲು ತೆಗೆದು ಅಡಿಗೆಮನೆಯ ಮೇಲಿನ ಮಾಡದಲ್ಲಿ ಇಟ್ಟಿದ್ದೇನೆ. "ಸ್ಕ್ರೂ ತಾ ಯಣ್ಣಾ, ಆಮ್ಯಾಲ ಪೇಪರ್ಟ್ ಬಗ್ಗಿ ಮಾತಾಡೂಣು" ಅಂತ ಎರಡು ಸಲ ಹೇಳಿಯಾಯಿತು.