ಥರ್ಮೋಸ್ಟ್ಯಾಟ್ ಕಿತ್ತುಹಾಕುವುದು ಪರಿಹಾರವಲ್ಲ
ಹಳೆಯ ಅಂಬಾಸಡರ್ ವಾಹನದಟ್ಟಣೆಯಲ್ಲಿ ಕುದಿಯದಿರಲು ಎಂಜಿನ್ನಿನ ನೀರಿನ ಹರಿವನ್ನು ಬಿಸಿಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟ್ಯಾಟ್ ತೆಗೆದುಹಾಕಿದರೆ ಸಾಕು ಎಂದು ಲೇಖನವೊಂದರಲ್ಲಿ ಓದಿದ ಸಲಹೆಯನ್ನು ನಾನು ಒಪ್ಪಲಾರೆ. ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಳ್ಳುವ ಆ ಕವಾಟವು ಎಂಜಿನ್ ಬೇಗ ಹದವಾದ ಬಿಸಿಗೆ ಬರಲೆಂದು ಇರುವುದೇ ಹೊರತು, ಪೂರ್ತಿ ತೆರೆದ ಮೇಲೆ ನೀರಿನ ಹರಿವಿಗೆ ದೊಡ್ಡ ಅಡ್ಡಿಯೇನೂ ಆಗುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡಿ, ಪೆಟ್ರೋಲನ್ನು ಹೆಚ್ಚು ಕುಡಿದು, ಸಿಲಿಂಡರುಗಳನ್ನು ಬೇಗ ಸವೆಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕುದಿಯಲು ನಿಜವಾದ ಕಾರಣ, ನೀರನ್ನು ತಣಿಸುವ ರೇಡಿಯೇಟರ್‌ಗೆ ಗಾಳಿಯ ಕೊರತೆ, ಏಕೆಂದರೆ ಬೆಲ್ಟ್‌ನಿಂದ ತಿರುಗುವ ಫ್ಯಾನ್ ಎಂಜಿನ್ ನಿಧಾನವಾದಂತೆ ತಾನೂ ನಿಧಾನವಾಗುತ್ತದೆ.

ನನ್ನ 1489 ಸಿಸಿ ಕಾರಿನಲ್ಲಿ ಮೊದಲು ಎಂಜಿನ್ ಬ್ಲಾಕಿನೊಳಗೆ ನೀರು ಹರಿಯುವ ದಾರಿಗಳನ್ನೇ ತೊಳೆಸಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರ ಫಲವಾಗಿ ಹೊರಬಂದ ಸುಣ್ಣ ಮತ್ತು ತುಕ್ಕಿನ ಕೆಸರನ್ನು ನೋಡಿ (ನಮ್ಮ ಮನೆಯ ಗೀಸರ್ ಇದಕ್ಕಿಂತ ವಾಸಿ ಎನಿಸಿತು) ಮೆಕ್ಯಾನಿಕ್‌ಗೇ ನಗು ಬಂತು. ಆಮೇಲಷ್ಟೇ ರೇಡಿಯೇಟರ್‌ಗೆ ಹೊಸ ಕೋರ್ (ನೀರು ತಣಿಯುವ ಕೊಳವೆಗಳ ಒಳಭಾಗ) ಹಾಕಿಸಿ, ಉಷ್ಣತೆಗೆ ತಕ್ಕಂತೆ ಚಾಲೂ ಆಗುವ ಎಲೆಕ್ಟ್ರಿಕ್ ಫ್ಯಾನನ್ನು ಕೂರಿಸಿದೆ. ವಿದ್ಯುತ್ತಿಗೆ ಹಳೆಯ ಬಗೆಯ ಡೈನಮೋ ಇರುವ ಗಾಡಿಗಳಿಗೆ ಮಾತ್ರ ಮೊದಲು, ನಿಧಾನ ಓಟದಲ್ಲೂ ಹೆಚ್ಚು ವಿದ್ಯುತ್ ಕೊಡುವ ಆಲ್ಟರ್ನೇಟರ್ ಬೇಕು. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಕೊಡುವ ವಿದ್ಯುತ್ ಅತ್ಯಲ್ಪವಾದ್ದರಿಂದ, ಫ್ಯಾನ್ ತೀರಾ ಅಗತ್ಯವಾದ ಹೊತ್ತಿನಲ್ಲೇ ಬ್ಯಾಟರಿ ಬರಿದಾಗುತ್ತದೆ.